ಅಂಗೈಯಗಲದ ಕಂಪ್ಯೂಟರ್

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಅಮರಯ್ಯ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಿದ್ದರು.

ಅವರ ಶಿಷ್ಯೆ ಅನಸೂಯಾ ಗಂಡನನ್ನು ಕಳೆದುಕೊಂಡು ವರ್ಷವಾಗಿತ್ತು. ಗಂಡ ಶಂಭುಲಿಂಗ ಅದೇ ಆಶ್ರಮದಲ್ಲಿ ತತ್ವಪದ ಹಾಡುತ್ತಿದ್ದವನು. ಹಾಡಿದ್ದೆಲ್ಲ ಅವನ ಹಳೆಯ ಕಂಪ್ಯೂಟರಿನಲ್ಲಿತ್ತು. ಅದು ಕೆಟ್ಟಾಗ ಅನಸೂಯಾ ಹಾಡುಗಳನ್ನು ಹೇಗೋ ಪೆನ್‌ಡ್ರೈವಿಗೆ ಉಳಿಸಿಕೊಂಡಳು. ಆದರೆ ಅವನು ಹೋದ ಮೇಲೆ ಒಮ್ಮೆಯೂ ಕೇಳಿರಲಿಲ್ಲ.

ಪ್ರಾರ್ಥನೆಯ ಹೊತ್ತಿಗೆ ಅವನ ದನಿ ಮತ್ತೆ ಕೇಳಬೇಕೆಂದು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ತಂದಳು.

ಅದಕ್ಕೆ ಅವಳು ಹಾಕಹೊರಟದ್ದು ಶಂಭುಲಿಂಗ ಬಳಸುತ್ತಿದ್ದ ಆಪರೇಟಿಂಗ್ ಸಿಸ್ಟಮ್ಮನ್ನೇ. ಅದೇ ಪರದೆ ತೆರೆಯಬೇಕು, ಅವನು ಒತ್ತುತ್ತಿದ್ದ ಕಡೆಯೇ ತಾನೂ ಒತ್ತಬೇಕು ಎಂಬ ಆಸೆ. ಮತ್ತೆ ಮತ್ತೆ ಮೆಮೊರಿ ಕಾರ್ಡಿಗೆ ತುಂಬಿ ಸಿಕ್ಕಿಸಿದಳು. ಕೆಂಪು ದೀಪ ಹತ್ತುತ್ತಿತ್ತು. ಪರದೆ ಕಪ್ಪಾಗಿಯೇ ಇರುತ್ತಿತ್ತು.

ಅಜ್ಜ ಬಂದು ಪಕ್ಕದಲ್ಲಿ ಕುಳಿತು ವಿಚಾರಿಸಿದರು. ಆ ಸಿಸ್ಟಮ್ ಬೇರೆ ಬಗೆಯ ಪ್ರೊಸೆಸರಿಗೆ ಮಾಡಿದ್ದು, ಇದಕ್ಕೆ ಒಗ್ಗುವುದಿಲ್ಲ, ಇದಕ್ಕೆಂದೇ ಮಾಡಿದ ಹಗುರವಾದ ಇನ್ನೊಂದಿದೆ ಎಂದು ಅವಳೇ ಹೇಳಿದಳು.

"ಮತ್ತ ಅದನ್ನ ಯಾಕ ಹಾಕಲಿಲ್ಲ?"

"ಅದು ಅವರದಲ್ಲ, ಅಜ್ಜಾ."

ಅಜ್ಜ ಎದ್ದುಹೋಗಿ ಏಕತಾರಿ ತಂದರು. ಶಂಭುಲಿಂಗನ ಶ್ರುತಿಗೆ ಕೂಡಿಸಿದರು.

"ಅವನ ಪದ ಒಂದು ಹಾಡು, ತಾಯಿ."

ಅವನದು ತಗ್ಗಿನ ಗಂಡುದನಿ. ಅನಸೂಯಾಳ ದನಿ ಅಷ್ಟು ಕೆಳಗಿಳಿಯದೆ ಮೊದಲ ಸಾಲಿನಲ್ಲೇ ನಿಂತುಹೋಯಿತು. ಮತ್ತೆ ಯತ್ನಿಸಿದಳು. ಬರೀ ಉಸಿರು ಬಂತು.

ಅಜ್ಜ ತಂತಿ ಬಿಗಿದರು. ತನ್ನ ಶ್ರುತಿ ಬಂದದ್ದು ಅವಳಿಗೇ ತಿಳಿಯಿತು. ಪದ ಕೊನೆಯ ನುಡಿಯವರೆಗೂ ಸಾಗಿತು. ಶಂಭುಲಿಂಗ ಉಸಿರೆಳೆದುಕೊಳ್ಳುತ್ತಿದ್ದ ಜಾಗದಲ್ಲೇ ಅವಳೂ ಉಸಿರೆಳೆದುಕೊಂಡಿದ್ದಳು.

ಮರುದಿನ ಬೋರ್ಡಿಗೆ ಒಗ್ಗುವ ಸಿಸ್ಟಮ್ ಹಾಕಿದಳು. ಪರದೆ ಬೆಳಗಿತು. ಬಣ್ಣ ಬೇರೆ, ಅಕ್ಷರ ಬೇರೆ, ಒತ್ತಬೇಕಾದ ಜಾಗವೂ ಬೇರೆ.

ಪ್ರಾರ್ಥನೆಯ ಹೊತ್ತಿಗೆ ಸ್ಪೀಕರಿನಲ್ಲಿ ಶಂಭುಲಿಂಗ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಡತೊಡಗಿದ.

ಹಾಡು ಮುಗಿದು ಜನರೆಲ್ಲ ಎದ್ದುಹೋದರು. ಅನಸೂಯಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೇಳಿದ್ರ ಮನಸ್ಸು ಹಗುರ ಆಗತೈತಿ ಅನ್ಕೊಂಡಿದ್ದೆ, ಅಜ್ಜಾ. ಇನ್ನೂ ಹೆಚ್ಚಾತು. ಈ ಹಂಬಲ ಯಾವಾಗ ತೀರತೈತಿ?"

ಅಜ್ಜ ತಮ್ಮ ಚಾಪೆಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು.

"ನನಗೂ ತೀರಿಲ್ಲ, ತಾಯಿ. ಇನ್ನೊಂದು ಹಾಡು ಹಚ್ಚು."