ಶಂಖಿನಿ ಹೊಳೆಯ ಮೊದಲ ಕೊಡ

ದೀಪದ ಕುಡಿ ಸರಿಮಾಡಿಕೊಂಡು, ಬಲಗೈಯಲ್ಲಿ ಅಕ್ಷತೆ ಹಿಡಿದು, ಮಕ್ಕಳಾದಿಯಾಗಿ ಎಲ್ಲರೂ ಹೊಳೆಯಮ್ಮನ ಮಹಿಮೆಯನ್ನು ಕೇಳುವಂಥವರಾಗಿ.

ಶಂಖಿನಿ ಎಂಬ ಹೊಳೆಯು ಮಳೆಗಾಲದಲ್ಲಿ ದಡ ತುಂಬಿ ಹರಿದು, ಚೈತ್ರ ಬಂತೆಂದರೆ ಮರಳಿನೊಳಗೆ ಇಳಿದು ಮರೆಯಾಗುವುದು. ಆಗ ಬಡಗಣ ದಡದ ಬೇಸಾಯದವರೂ ತೆಂಕಣ ದಡದ ಬುಟ್ಟಿ ಹೆಣೆಯುವ ಮೇದರೂ ಮರಳಲ್ಲಿ ಒರತೆ ತೋಡಿ ನೀರು ಕಾಣುವರು. ಒರತೆ ತೋಡಿದವಳು ಶುಕ್ರವಾರ ಮೊದಲ ಕೊಡವನ್ನು ಎದುರು ದಡದವಳಿಗೆ ತುಂಬಿಕೊಟ್ಟು, ಅಂಚಿಗೆ ದೀಪವಿಟ್ಟು, ಆಮೇಲೆ ತನ್ನ ಕೊಡ ಮುಳುಗಿಸಬೇಕು. ಇದೇ ಹೊಳೆಯಮ್ಮನ ವ್ರತ.

ಬಡಗಣ ದಡದ ಗೌಡನ ಹೆಂಡತಿ ಪದುಮವ್ವ ಆಳುಗಳಿಂದ ಆಳೆತ್ತರದ ಒರತೆ ತೋಡಿಸಿ, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಶುಕ್ರವಾರ ಮೇದರ ಗುರುಸಿದ್ದಿ ಕೊಡ ಹೊತ್ತು ಬಂದು ಬೇಲಿಯಾಚೆ ನಿಂತಳು.

"ನನ್ನ ಒರತೆಯಲ್ಲಿ ನನಗಿಂತ ಮೊದಲು ನಿನ್ನ ಕೊಡ ತುಂಬಬೇಕೇನೆ? ನಡಿ ಆಚೆ!" ಎಂದಳು ಪದುಮವ್ವ.

ಗುರುಸಿದ್ದಿ ಬರಿಗೊಡ ಹೊತ್ತು ಹೊರಟಳು. ಅವಳು ತನ್ನ ದಡ ಹತ್ತುವುದರೊಳಗೆ ಒರತೆಯ ನೀರು ಸರ್ರನೆ ಇಂಗಿ, ಮರಳು ಕುಸಿದು ಮುಚ್ಚಿಕೊಂಡಿತು. ಬಡಗಣ ದಡದಲ್ಲಿ ಎಲ್ಲಿ ತೋಡಿದರೂ ಒಣಮರಳೇ. ಆರನೆಯ ದಿನಕ್ಕೆ ಗೌಡರ ಮನೆಯ ಹಂಡೆಯೂ ಬರಿದಾಯಿತು. ಬಾಣಂತಿ ಮಗಳು ಚಂಪವ್ವನಿಗೆ ಜ್ವರವೇರಿ, ಎದೆಹಾಲು ಬತ್ತಿ, ಕೂಸು ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತು.

ಪದುಮವ್ವ ಬರಿಗಾಲಲ್ಲಿ ಕಾದ ಮರಳು ದಾಟಿ ಗುರುಸಿದ್ದಿಯ ಗುಡಿಸಲ ಮುಂದೆ ನಿಂತಳು. ಗುರುಸಿದ್ದಿ ಅವಳ ಮುಖ ನೋಡಿದವಳೇ, ಬಿದಿರು ಸೀಳುವ ಕತ್ತಿ ಕೆಳಗಿಟ್ಟು, ಗಡಿಗೆಯ ನೀರನ್ನೆಲ್ಲ ಬಗ್ಗಿಸಿ ಕೊಟ್ಟಳು.

"ತಪ್ಪಾಯ್ತು ಕಣವ್ವಾ."

"ನನಗೆ ಹೇಳಿದರಾಯ್ತೇ? ಮೊದಲು ಮಗಳಿಗೆ ಕುಡಿಸು ಹೋಗು. ನಾಳೆ ಶುಕ್ರವಾರ. ಆಳು ಬೇಡ, ಗುದ್ದಲಿ ಬೇಡ, ನಿನ್ನ ಕೈಯಿಂದಲೇ ತೋಡು. ನಾನೂ ಬರ್ತೀನಿ."

ಬೆಳಕು ಹರಿಯುತ್ತಲೇ ಪದುಮವ್ವ ಮುಳ್ಳುಬೇಲಿ ಕಿತ್ತೆಸೆದು, ಮಂಡಿಯೂರಿ, ಉಗುರು ಸೀಳಿ ರಕ್ತ ಬಂದರೂ ಬಿಡದೆ ತೋಡಿದಳು. ಮೊಣಕೈ ಮುಳುಗುವಷ್ಟಾದಾಗ ಏನೋ ಸದ್ದಾಯಿತು. ಮರಳಿಗೆ ಕಿವಿಯಿಟ್ಟಳು. ಕೆಳಗೆ, ಎಷ್ಟೋ ಕೆಳಗೆ, ಮಳೆಗಾಲದ ತುಂಬುಹೊಳೆಯು ದಡದಿಂದ ದಡಕ್ಕೆ ಭೋರೆಂದು ಹರಿಯುತ್ತಿತ್ತು.

"ಅಮ್ಮಾ, ನೀನು ಹೋಗಿಯೇ ಇಲ್ಲವಲ್ಲೇ!" ಎಂದು ಮರಳಿಗೆ ಹಣೆಯಿಟ್ಟು ಅತ್ತಳು.

ತಣ್ಣನೆಯ ನೀರು ಬೊಗಸೆಗೆ ಏರಿ ಬಂತು. ಗುರುಸಿದ್ದಿಯ ಕೊಡ ತುಂಬಿ, ತಾನೇ ಅವಳ ತಲೆಗೇರಿಸಿ, ದೀಪವಿಟ್ಟು, ಆಮೇಲೆ ತನ್ನದನ್ನು ಮುಳುಗಿಸಿದಳು. ಆ ದಡದ ಒರತೆಗಳೆಲ್ಲ ಕಣ್ಣು ತೆರೆದವು. ಚಂಪವ್ವನ ಜ್ವರ ಇಳಿದು, ಹಾಲು ಬಂದು, ಕೂಸು ಊರಿಗೆಲ್ಲ ಕೇಳುವಂತೆ ಅತ್ತಿತು.

ಈ ಕಥೆಯನ್ನು ಭಕ್ತಿಯಿಂದ ಓದಿದವರಿಗೂ, ಕೂತು ಕೇಳಿದವರಿಗೂ, ಕೇಳದವರ ಮನೆಗೆ ಹೋಗಿ ಹೇಳಿದವರಿಗೂ ಕೊಡದಲ್ಲಿ ನೀರು, ತಾಯಿಯಲ್ಲಿ ಹಾಲು, ಎರಡು ದಡದಲ್ಲೂ ನೆಂಟತನ ತಪ್ಪದಿರಲಿ ಎಂದು ಹೊಳೆಯಮ್ಮ ಹರಸಿದ್ದಾಳೆ.