ಇರುವುದನ್ನೆಲ್ಲ ಮುಟ್ಟು

"ಗುರುಗಳೇ, ಡೇಟಾಬೇಸಿನಲ್ಲಿ ಮಾಹಿತಿ ತುಂಬಿಡುವ ಒಂದೊಂದು ಟೇಬಲ್ಲಿಗೂ ಬಳಕೆದಾರರಿಗೆ ಬೇರೆ ಬೇರೆಯಾಗಿ ಅನುಮತಿ ಕೊಟ್ಟು ಕೈ ಸೋತಿದೆ. ‘ಇರುವ ಟೇಬಲ್ಲುಗಳಿಗೆಲ್ಲ ಅನುಮತಿ ಕೊಡು’ ಎಂದು ಒಂದೇ ಸಾಲಿನ ಆಜ್ಞೆ ರೂಪಿಸಿದ್ದೇನೆ. ಒಮ್ಮೆ ಕೊಟ್ಟರೆ ಮುಗಿಯಿತು, ಯಾರೂ ನನ್ನ ಬಳಿ ಮತ್ತೆ ಕೇಳಲು ಬರಬೇಕಾಗಿಲ್ಲ. ಸಾಲದೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಕುಂಬಾರಗಿತ್ತಿ ಇದ್ದಳು. ತೀರಿಹೋದ ಅಕ್ಕನ ಮಗಳನ್ನು ಮನೆಗೆ ಕರೆತಂದಳು. ಎಲ್ಲಿ ಕೈಯಿಟ್ಟರೆ ಏನು ಒಡೆಯುವುದೋ ಎಂದು ಹುಡುಗಿಗೆ ಅಂಜಿಕೆ. "ಚಿಕ್ಕಮ್ಮ, ಈ ಚೊಂಬು ಮುಟ್ಟಲಾ? ಈ ಚಾಪೆ ಹಾಸಲಾ?" ನೀರು ಕುಡಿಯುವುದಕ್ಕೂ ಕೇಳುವಳು. ಕುಂಬಾರಗಿತ್ತಿ ತುಂಬು ಬಸುರಿ. ಮೊದಮೊದಲು ಒಂದೊಂದಕ್ಕೂ ಹೂಂ ಅಂದಳು. ಒಂದು ದಿನ ರೇಗಿದಳು.

"ನಿನ್ನ ಬಾಯಿ ನೋಯದಿದ್ದರೂ ನನ್ನ ಕಿವಿ ನೋಯುತ್ತೆ ಕಣೇ. ಈ ಮನೆಯಲ್ಲಿ ಇರುವುದನ್ನೆಲ್ಲ ಮುಟ್ಟು. ಇನ್ನೊಂದು ಸಲ ಕೇಳಿದೆಯೋ, ನೋಡು!"

ಹುಡುಗಿ ಮತ್ತೆ ಕೇಳಲಿಲ್ಲ. ಚೊಂಬು, ಚಾಪೆ, ಉಪ್ಪಿನ ಗಡಿಗೆ, ಕೊನೆಗೆ ಮಡಕೆ ಮಾಡುವ ತಿಗರಿಯೂ ಅವಳ ಕೈಗೆ ಒಗ್ಗಿದವು.

ಹೆರಿಗೆಯಾಯಿತು. ತೊಟ್ಟಿಲು ಕಟ್ಟಿದರು. ಹುಡುಗಿ ತೊಟ್ಟಿಲ ತನಕ ಬರುವಳು, ನಿಲ್ಲುವಳು, ಹಿಂದಿರುಗುವಳು. ಹೊಟ್ಟೆಕಿಚ್ಚೇನೋ ಅಂದುಕೊಂಡಳು ಕುಂಬಾರಗಿತ್ತಿ. ಒಳಗೊಳಗೇ ನೊಂದಳು.

ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಮಡಕೆ ಸುಡುತ್ತಿದ್ದಳು. ಒಳಗೆ ಮಗು ಅತ್ತಿತು. ಅಳು ನಿಲ್ಲಲೇ ಇಲ್ಲ. ಓಡಿಬಂದಳು. ಹುಡುಗಿ ತೊಟ್ಟಿಲ ಪಕ್ಕದಲ್ಲೇ ಇದ್ದಳು, ಕೈ ಹಿಂದಕ್ಕೆ ಕಟ್ಟಿಕೊಂಡು. ಮಗುವಿಗಿಂತ ಹೆಚ್ಚಾಗಿ ಅವಳೇ ಅಳುತ್ತಿದ್ದಳು.

"ಕಲ್ಲಿನ ಹಾಗೆ ನಿಂತಿದ್ದೀಯಲ್ಲೇ! ಎತ್ತಿಕೊಳ್ಳೋದಕ್ಕೆ ಏನು ದಾಡಿ ನಿನಗೆ?"

"ನೀನು ಮುಟ್ಟು ಅಂದಾಗ ಪಾಪು ಮನೆಯಲ್ಲಿ ಇರಲಿಲ್ಲವಲ್ಲ, ಚಿಕ್ಕಮ್ಮ."

"ಕೇಳಬಾರದಿತ್ತಾ?"

"ಕೇಳಬೇಡ ಅಂದವಳೂ ನೀನೇ ಅಲ್ಲವಾ?"

ಕುಂಬಾರಗಿತ್ತಿ ಮಗುವನ್ನು ಎತ್ತಿ ಹುಡುಗಿಯ ಮಡಿಲಿಗೆ ಹಾಕಿದಳು. ಮಣ್ಣು ಮೆತ್ತಿದ ಕೈಯಲ್ಲೇ ಅವಳ ಕಣ್ಣು ಒರೆಸಿದಳು.

"ಇರುವುದಷ್ಟೇ ಅಲ್ಲ ಕಣೇ ಪೆದ್ದಿ, ಈ ಮನೆಗೆ ಇನ್ನು ಬರುವುದೂ ನಿನ್ನದೇ."

ಇಷ್ಟು ಹೇಳಿ ಗುರು, ಶಿಷ್ಯ ಬರೆದ ಸಾಲಿನಲ್ಲಿ ‘ಇರುವ’ ಎಂಬ ಮಾತಿನ ಮೇಲೆ ಬೆರಳಿಟ್ಟರು.

"ನಾಳೆ ಹುಟ್ಟುವ ಟೇಬಲ್ಲಿನ ಮುಂದೆ ಯಾರು ಕೈ ಕಟ್ಟಿಕೊಂಡು ಅಳಬೇಕಪ್ಪ?"