ಮೀಸಲು ಸರ್ವರ್‌ಗೆ ಕೇಳಬೇಕಾದ ಪ್ರಶ್ನೆ

ಹುಬ್ಬಳ್ಳಿಯ ಒಂದು ಆಂಬುಲೆನ್ಸ್ ಸೇವೆಯಲ್ಲಿ ಫಕೀರೇಶ ಎಂಬ ಎಂಜಿನಿಯರ್ ಇದ್ದ. ಹಳ್ಳಿಗಳಿಂದ ಬರುವ ಕರೆಗಳೆಲ್ಲ ಅವನು ಕ್ಲೌಡ್‌ನಲ್ಲಿ ಕೂರಿಸಿದ್ದ ಲೋಡ್ ಬ್ಯಾಲೆನ್ಸರ್ ದಾಟಿಯೇ ಹೋಗಬೇಕು. ಚಾಲಕರಿಗೆ ಕರೆ ಮುಟ್ಟಿಸುವ ಮುಖ್ಯ ಸರ್ವರ್‌ಗಳಿಗೆ ಅವನ್ನು ಹಂಚುವುದು, ಅವು ಕೈಕೊಟ್ಟರೆ ಮೀಸಲು ಸರ್ವರ್‌ಗಳತ್ತ ತಿರುಗಿಸುವುದು ಅದರ ಕೆಲಸ. ಹತ್ತು ಸೆಕೆಂಡಿಗೊಮ್ಮೆ ಅದು ಮೀಸಲು ಸರ್ವರ್‌ಗಳನ್ನು "ಇದ್ದೀರಾ?" ಎಂದು ಕೇಳುತ್ತಿತ್ತು. "ಇದ್ದೇವೆ" ಎಂದರೆ ಪರದೆಯಲ್ಲಿ ಹಸಿರು ದೀಪ. ಒಂದು ವರ್ಷದಿಂದ ಆ ದೀಪ ಆರಿರಲಿಲ್ಲ. ಫಕೀರೇಶನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಎನ್ನಿ!

ಆಯುಧಪೂಜೆ ಬಂತು. ಕಚೇರಿಯ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ ವಿಶ್ರಾಂತಿ ಕೊಟ್ಟರು. ಮುಖ್ಯಸ್ಥೆ ನೀಲಾಂಬಿಕಾ ನಗುತ್ತಾ ಹೇಳಿದರು: "ಫಕೀರೇಶ, ಜೆರಾಕ್ಸ್ ಮಷೀನಿಗೂ ಇವತ್ತ ಸೂಟಿ. ನಿನ್ನ ಮುಖ್ಯ ಸರ್ವರ್ ಏನ್ ಪಾಪ ಮಾಡ್ಯಾವು? ಒಂದ್ ತಾಸು ಸೂಟಿ ಕೊಡು. ಮೀಸಲಿನವು ದುಡೀಲಿ."

"ಈಗ ಮಾಡ್ತೀನ್ರಿ ಮೇಡಂ," ಎಂದು ಎದೆಯುಬ್ಬಿಸಿ ಕೂತ. ಮುಖ್ಯ ಸರ್ವರ್ ಬಂದ್ ಮಾಡುವ ಮುನ್ನ ಮೀಸಲು ಸರ್ವರ್‌ಗಳನ್ನೊಮ್ಮೆ ತೆರೆದು ನೋಡಿದ. ಅವುಗಳಲ್ಲಿದ್ದ ಚಾಲಕರ ಪಟ್ಟಿ ಹೋದ ವರ್ಷದ್ದು! ಕೆಲಸ ಬಿಟ್ಟವರ ನಂಬರುಗಳು ಹಾಗೇ ಇದ್ದವು, ಹೊಸಬರ ಹೆಸರಿರಲಿಲ್ಲ. ಮುಖ್ಯ ಸರ್ವರ್‌ಗಳು ಬಿದ್ದಿದ್ದರೆ ಬಾಣಂತಿಯ ಕರೆ ಯಾರದೋ ಹಳೇ ಫೋನಿಗೆ ಹೋಗುತ್ತಿತ್ತು. ದೀಪ ಮಾತ್ರ ಹಸಿರಾಗಿಯೇ ಉರಿಯುತ್ತಿತ್ತು.

"ನೆಟ್‌ವರ್ಕ್ ಸರಿಯಿಲ್ಲ" ಎಂದು ಜಾರಿಕೊಳ್ಳಬಹುದಿತ್ತು. ಫಕೀರೇಶ ಎಲ್ಲರೆದುರು ಎದ್ದು ನಿಂತ.

"ತಪ್ಪು ನಂದೈತ್ರಿ ಮೇಡಂ. ಮೀಸಲಿನವುಗಳೊಳಗ ಹೋದ ವರ್ಷದ ಪಟ್ಟಿ ಐತಿ. ಅವು ಇದಾವೇನು ಅಂತಷ್ಟ ಕೇಳೀನಿ. ಕೆಲಸ ಗೊತ್ತೈತೇನು ಅಂತ ಕೇಳೇ ಇಲ್ಲ."

"ಹಂಗಾದ್ರ ಈಗ ಕೇಳು," ಎಂದರು ನೀಲಾಂಬಿಕಾ.

ಸಂಜೆಯೊಳಗೆ ಎರಡೂ ಕಡೆಯ ಪಟ್ಟಿ ಒಟ್ಟಿಗೇ ಬದಲಾಗುವಂತೆ ಮಾಡಿದ. ಲೋಡ್ ಬ್ಯಾಲೆನ್ಸರ್ ಕೇಳುವ ಪ್ರಶ್ನೆಯನ್ನೂ ಬದಲಿಸಿದ: "ಈ ಪಾಳಿಯ ಚಾಲಕರು ಯಾರು?" ತಪ್ಪು ಉತ್ತರಕ್ಕೆ ಕೆಂಪು ದೀಪ. ಎಡವಟ್ಟಾದರೆ ಚಾಲಕರಿಗೆ ತಾವೇ ಕರೆ ಮಾಡಲೆಂದು ಕಚೇರಿಯ ಇಬ್ಬರು ಫೋನ್ ಹಿಡಿದು ಕೂತರು. ಆಮೇಲೆ ತನ್ನ ಕೈಯಾರೆ ಮುಖ್ಯ ಸರ್ವರ್‌ಗಳನ್ನು ಬಂದ್ ಮಾಡಿದ.

ಏಳನೇ ನಿಮಿಷಕ್ಕೆ ಕರೆ ಬಂತು. ಹೊಲದಲ್ಲಿ ಒಬ್ಬ ಅಜ್ಜನಿಗೆ ಹಾವು ಕಚ್ಚಿತ್ತು. ಅಷ್ಟರಲ್ಲೇ ಸ್ಪೀಕರಿನಲ್ಲಿ ಚಾಲಕನ ದನಿ: "ನಾನು ಬಸಲಿಂಗ್ರಿ, ಗಾಡಿ ಬಿಟ್ಟೇನ್ರಿ!"

ಬಸಲಿಂಗ ಕೆಲಸಕ್ಕೆ ಸೇರಿ ಮೂರೇ ತಿಂಗಳು. ಹಳೇ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ.

ಅಜ್ಜ ಉಳಿದ. ಫಕೀರೇಶನ ಎದೆ ಮತ್ತೆ ಉಬ್ಬಿತು. ಈ ಸಲ ಉಬ್ಬಲೇಬೇಕಿತ್ತು. ಯಂತ್ರಗಳಿಗೆ ಹಚ್ಚಿ ಉಳಿದಿದ್ದ ಕುಂಕುಮವನ್ನು ನೀಲಾಂಬಿಕಾ ಅವನ ಹಣೆಗಿಟ್ಟರು.

ನೀತಿ: ಆಪತ್ತಿಗೆಂದು ಇಟ್ಟುಕೊಂಡದ್ದನ್ನು ಆಪತ್ತು ಬರುವ ಮೊದಲೇ ದುಡಿಸಿ ನೋಡಬೇಕು. ಎಂದೂ ಬಿದ್ದಿಲ್ಲ ಎಂದು ಬೀಗಬೇಡಿ, ಬೀಳಿಸಿ ನೋಡಿದ್ದೇನೆ ಎಂದು ಹೆಮ್ಮೆಪಡಿ.